ಬೀದರ್ ಹಳೆ ಊರಿನ ಬಿದರಿ ಅಂಗಡಿಗಳು: ತಿರುಗಿಸಿ ನೋಡಿ, ಆಮೇಲೆ ಕೊಳ್ಳಿ

ಬಿದರಿ ಅಂದರೆ ಸತು, ತಾಮ್ರದ ಎರಕದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿ ನೆಲವನ್ನು ಕಪ್ಪಾಗಿಸಿದ ಸಾಮಾನು. ಅದು ಬೆಂಗಳೂರಿನ ಕಾವೇರಿ ಎಂಪೋರಿಯಂನಲ್ಲಿ ಸಿಗುತ್ತದೆ, ಹೈದರಾಬಾದಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ಬೆರಳಾಡಿಸಿದರೂ ಸಿಗುತ್ತದೆ. ಉಡುಗೊರೆಗೆ ಒಂದು ಕೀ ಚೈನ್, ಒಂದು ಜೊತೆ ಓಲೆ ಬೇಕಿದ್ದರೆ ಎಲ್ಲಿ ಕೊಂಡರೂ ಅಂಥ ವ್ಯತ್ಯಾಸವಿಲ್ಲ. ಹೂದಾನಿ, ಸುರಾಹಿ (ಉದ್ದ ಕತ್ತಿನ ಹೂಜಿ), ದೊಡ್ಡ ತಟ್ಟೆ ಅಂತ ಕೈ ಬಿಚ್ಚಿ ದುಡ್ಡು ಹಾಕುವುದಿದ್ದರೆ ಮಾತ್ರ ಬೀದರಿನ ಹಳೆ ಊರಿಗೇ ಹೋಗಬೇಕು. ಅಲ್ಲಿ ಬೆಲೆ ಭಾರೀ ಕಡಿಮೆಯೇನೂ ಇಲ್ಲ. ಆದರೆ ಎಷ್ಟೋ ಕಡೆ ಮಾರುವ ಕೋಣೆಯ ಹಿಂದೆಯೇ ಮಾಡುವ ಕೋಣೆ ಇರುತ್ತದೆ, ಅರ್ಧ ಮುಗಿದ ಮಾಲು ಕಣ್ಣಿಗೆ ಬೀಳುತ್ತದೆ. ಕಪ್ಪಾಗುವ ಮೊದಲು ಕೆಲಸ ಹೇಗಿತ್ತೆಂದು ನೋಡಿದವರಿಗೆ ಟೋಪಿ ಹಾಕುವುದು ಕಷ್ಟ.

ದಾರಿ ಸುಲಭ. ಆಟೊದವರಿಗೆ ‘ಚೌಬಾರಾ’ ಅಂದರೆ ಸಾಕು. ಹಳೆ ಊರಿನ ನಟ್ಟನಡುವೆ, ನಾಲ್ಕು ರಸ್ತೆ ಕೂಡುವ ಕಡೆ ನಿಂತ 71 ಅಡಿಯ ದುಂಡನೆಯ ಕಾವಲು ಗೋಪುರ ಅದು. ಅಲ್ಲಿಂದ ಕೋಟೆಯ ಕಡೆ ನಡೆದರೆ ಮೊದಲು ಮಹಮೂದ್ ಗವಾನ್ ಮದರಸಾ, ಅದನ್ನು ದಾಟಿದರೆ ಕೋಟೆ. ಈ ದಾರಿಯಲ್ಲೂ ಆಸುಪಾಸಿನ ಗಲ್ಲಿಗಳಲ್ಲೂ ಬಿದರಿ ಅಂಗಡಿ, ಕಾರ್ಖಾನೆಗಳಿವೆ. ಕಾರ್ಖಾನೆ ಅಂದರೆ ದೊಡ್ಡ ಶೆಡ್ ಅಂದುಕೊಳ್ಳಬೇಡಿ. ನಾಲ್ಕೈದು ಜನ ನೆಲದ ಮೇಲೆ ಕೂತು ಉಳಿ, ಸುತ್ತಿಗೆ ಹಿಡಿದ ಒಂದು ಕೋಣೆ, ಅಷ್ಟೆ.

ಅಂಗಡಿಗೆ ನುಗ್ಗುವ ಮೊದಲು ಕೋಟೆಗೆ ಹೋಗಿ ಬನ್ನಿ. ಇದು ಪ್ರವಾಸದ ಸಲಹೆಗಿಂತ ಹೆಚ್ಚಾಗಿ ವ್ಯಾಪಾರದ ಸಲಹೆ. ಕೋಟೆಯೊಳಗಿನ ರಂಗೀನ್ ಮಹಲ್ ಅನ್ನು ಈಗಿನ ರೂಪಕ್ಕೆ ತಂದವನು ಬರೀದ್ ಷಾಹಿ ಸುಲ್ತಾನ ಅಲಿ ಬರೀದ್ ಷಾ (ಆಳ್ವಿಕೆ 1542–1580). ಅದರ ಒಳಕೋಣೆಯಲ್ಲಿ ಕರಿಕಲ್ಲಿನಲ್ಲಿ ತೋಡು ತೆಗೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬೀಗ ಹಾಕಿರುವುದೇ ಹೆಚ್ಚು. ಪಕ್ಕದ ಪುರಾತತ್ವ ಇಲಾಖೆಯ ಮ್ಯೂಸಿಯಂ ಸಿಬ್ಬಂದಿಯನ್ನು ಕೇಳಿದರೆ ತೆಗೆದು ತೋರಿಸುತ್ತಾರೆ. ಚಿಪ್ಪು ಉದುರಿಹೋದ ಜಾಗಗಳಲ್ಲಿ ಬಗ್ಗಿ ನೋಡಿ: ತೋಡಿನ ಆಳ, ಅಂಚಿನ ಚೂಪು, ಬಳ್ಳಿ ತಿರುಗುವ ಕಡೆ ಕೈ ಎಲ್ಲಿ ನಿಂತು ಮತ್ತೆ ಹೊರಟಿದೆ ಎಂಬುದು, ಎಲ್ಲ ಕಾಣುತ್ತದೆ. ಕಪ್ಪು ನೆಲ, ಬಿಳಿ ಬಳ್ಳಿ, ಒಳಗೆ ಕೂತ ಕಸೂತಿ. ಬಿದರಿಯದ್ದೂ ಇದೇ ಅಭಿರುಚಿ, ಕಲ್ಲಿನ ಬದಲು ಲೋಹ. ಇದನ್ನು ಕಂಡ ಕಣ್ಣಿಗೆ ಅಂಗಡಿಯ ಒರಟು ಕೆಲಸ ತಾನಾಗಿ ಗೊತ್ತಾಗುತ್ತದೆ. ಮ್ಯೂಸಿಯಂಗೆ ಶುಕ್ರವಾರ ರಜೆ, ಅವತ್ತು ಮಧ್ಯಾಹ್ನ ನಮಾಜಿನ ಹೊತ್ತಿಗೆ ಕಾರ್ಖಾನೆಗಳಲ್ಲೂ ಕೆಲಸ ನಿಲ್ಲುತ್ತದೆ. ಬೇರೆ ದಿನ ಹೋಗಿ.

ಈ ಕೆಲಸ ಈ ಊರಲ್ಲೇ ಏಕೆ ಬೇರೂರಿತು ಎಂಬುದಕ್ಕೆ ಊರು ಇರುವ ಜಾಗ ನೋಡಬೇಕು. ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿನ ಕೆಂಪು ಮುರಕಲ್ಲಿನ ಪ್ರಸ್ಥಭೂಮಿ, ಅದರ ಅಂಚಿನಲ್ಲಿ ಕೋಟೆ, ಆಚೆ ಮಾಂಜ್ರಾ ನದಿಯ ಬಯಲು. ಮುರಕಲ್ಲು ಮಳೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗಿನ ಕರಿಕಲ್ಲು, ಜೇಡಿ ಪದರ ಅದನ್ನು ತಡೆಯುತ್ತದೆ. ಎರಡೂ ಸೇರುವ ಕಡೆ ಊಟೆ ಒಡೆಯುತ್ತವೆ. ಇಲ್ಲಿನ ಗುರುದ್ವಾರ ಗುರುನಾನಕ್ ಝೀರಾದ ನೀರು, ನರಸಿಂಹ ಝರಣಿ ದೇವಸ್ಥಾನದ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಎರಡರ ಗುಟ್ಟೂ ಇದೇ. ಇದೇ ನೀರನ್ನು ಸುರಂಗ ತೋಡಿ ಊರಿಗೆ ತಂದ ಪರ್ಷಿಯಾದ ವಿಧಾನ, ಕರೇಜ್, ನೌಬಾದಿನಲ್ಲಿ ಇವತ್ತೂ ಇದೆ. ಕಂದಕವನ್ನು ಇದೇ ಮುರಕಲ್ಲಿನಲ್ಲಿ ಕೊರೆದರು. ಮುಂದೆ ಹೇಳುವ ಕೋಟೆಯ ಮಣ್ಣೂ ಈ ನೆಲದ್ದೇ.

ಇನ್ನು ಗಡಿ. ವಾರಂಗಲ್ಲಿನ ಕಾಕತೀಯರ ಕೈಲಿದ್ದ ಊರು 14ನೇ ಶತಮಾನದಲ್ಲಿ ದೆಹಲಿಯ ಸೈನ್ಯಕ್ಕೆ ಸಿಕ್ಕಿತು, ಆಮೇಲೆ ಬಹಮನಿಗಳಿಗೆ. ಅಹ್ಮದ್ ಷಾ ವಲಿ 15ನೇ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ಹಿಂದೆ ಪರ್ಷಿಯಾದಿಂದ ಸೂಫಿಗಳು, ಕುದುರೆ ವ್ಯಾಪಾರಿಗಳು, ಕಲ್ಲುಕುಟಿಗರು, ಕಾರೀಗರರು ಬಂದರು. ಗೀಲಾನಿನಿಂದ ಬಂದು ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಉಳಿದ ಬಣ್ಣದ ಹೆಂಚುಗಳನ್ನು ನೋಡಿದರೆ ಆ ಹೊಸಬರ ಕೈ ಎಂಥದ್ದೆಂದು ಗೊತ್ತಾಗುತ್ತದೆ. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಹಾಗಾಗಿ ಒಂದೇ ಮಿನಾರು. ಬಿದರಿಯನ್ನು ತಂದವನು ಅಬ್ದುಲ್ಲಾ ಬಿನ್ ಕೈಸರ್ ಎಂಬ ಪರ್ಷಿಯಾದ ಕಾರೀಗರ ಎಂದು ಎಲ್ಲ ಅಂಗಡಿಯಲ್ಲೂ ಹೇಳುತ್ತಾರೆ. ಚೆಂದದ ಕತೆ. ಆದರೆ ಈಗ ಮ್ಯೂಸಿಯಂಗಳಲ್ಲಿ ಉಳಿದಿರುವ ಹಳೆಯ ಬಿದರಿ 17ನೇ ಶತಮಾನದಿಂದ ಈಚಿನದ್ದು. ‘ಬಹಮನಿ ಕಾಲದ ಅಸಲಿ ಪೀಸ್’ ಎಂದು ಯಾರಾದರೂ ಮುಂದಿಟ್ಟರೆ ನಕ್ಕು ಮುಂದೆ ಹೋಗಿ.

ಬಹಮನಿಗಳ ನಂತರ ಊರನ್ನಾಳಿದವರು ಬರೀದ್ ಷಾಹಿಗಳು, ಅವರಾದ ಮೇಲೆ ಬಿಜಾಪುರ, ಔರಂಗಜೇಬ್, ನಿಜಾಮ. ಹುಕ್ಕಾ ಬುಡ, ಪಾನ್‌ದಾನ್, ಉಗುಳುದಾನಿಗಳಿಗೆ ಗಿರಾಕಿಗಳಾಗಿದ್ದವರು ಹೈದರಾಬಾದಿನ ನವಾಬರು, ಜಾಗೀರದಾರರು. 1948ರಲ್ಲಿ ಆ ರಾಜ್ಯ ಹೋಯಿತು, ಗಿರಾಕಿಗಳೂ ಹೋದರು. 1956ರ ನವೆಂಬರ್ 1ಕ್ಕೆ ಹಳೆ ಬೀದರ್ ಜಿಲ್ಲೆಯೇ ಮೂರು ಹೋಳಾಯಿತು: ಉದಗೀರ್, ಅಹಮದಪುರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಕಡೆಯ ಭಾಗ ಮೈಸೂರು ರಾಜ್ಯಕ್ಕೆ. ಇದರ ಗುರುತು ಅಂಗಡಿಯಲ್ಲಿ ಇವತ್ತೂ ಕಾಣುತ್ತದೆ. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿಲೋಮೀಟರ್, ಬೆಂಗಳೂರು ಏಳುನೂರರ ಹತ್ತಿರ. ಹೀಗಾಗಿ ಗಿರಾಕಿ, ಮಾಲು ಎರಡೂ ಹೆಚ್ಚಾಗಿ ಅತ್ತಲೇ ಓಡಾಡುತ್ತವೆ. ಅಂಗಡಿಯವರು ಒಳಗಿನವರೊಂದಿಗೆ ದಖ್ಖನಿ ಉರ್ದುವಿನಲ್ಲಿ, ನಿಮ್ಮೊಂದಿಗೆ ‘ಕೈಯಾಗ ಹಿಡದು ನೋಡ್ರಿ ಸರ್’ ಅಂತ ಕನ್ನಡದಲ್ಲಿ, ಪಕ್ಕದ ಗಿರಾಕಿಯೊಂದಿಗೆ ತೆಲುಗಿನಲ್ಲೋ ಮರಾಠಿಯಲ್ಲೋ ಮಾತಾಡುತ್ತಾರೆ. ಮುಸ್ಲಿಮರೂ ಲಿಂಗಾಯತರೂ ಈ ಕೆಲಸ ಮಾಡಿಕೊಂಡು ಬಂದವರು. ಮಾತಿನ ಅಂಜಿಕೆ ಬೇಡ. ಹಿರಿಯ ಕೆಲಸಗಾರರನ್ನು ‘ಉಸ್ತಾದ್’ ಅಂತ ಕರೆದರೆ ಒಳಕೋಣೆಯ ಬಾಗಿಲು ಬೇಗ ತೆರೆಯುತ್ತದೆ.

ಒಳಗೆ ಏನು ನೋಡಬೇಕು? ಲೋಹದಿಂದ ಶುರು ಮಾಡಿ. 16 ಪಾಲು ಸತು, 1 ಪಾಲು ತಾಮ್ರ. ಸತು 420 ಡಿಗ್ರಿ ಹತ್ತಿರ ಕರಗುತ್ತದೆ, 907ಕ್ಕೆ ಕುದಿದು ಹೊಗೆಯಾಗುತ್ತದೆ. ತಾಮ್ರ ಕರಗುವುದೇ 1,085ಕ್ಕೆ. ಆತುರಪಟ್ಟು ಬೆಂಕಿ ಜೋರು ಮಾಡಿದರೆ ಬಿಳಿ ಹೊಗೆಯಾಗಿ ಸತು ಹಾರಿ ಲೆಕ್ಕ ತಪ್ಪುತ್ತದೆ. ತಾಮ್ರ ಅಷ್ಟು ಸ್ವಲ್ಪವೇ ಇದ್ದರೂ ಮುಂದೆ ಬರುವ ಕಪ್ಪಿಗೆ ಅದೇ ಆಧಾರ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಸಾಂಚಾದಲ್ಲಿ, ಅಂದರೆ ಅಚ್ಚಿನಲ್ಲಿ, ಎರಕ ಹೊಯ್ಯುತ್ತಾರೆ. ಸಾಂಚಾ ಹಸಿಯಿದ್ದರೆ, ಲೋಹ ತೀರಾ ಕಾದಿದ್ದರೆ ಒಳಗೆ ಗಾಳಿ ಸಿಕ್ಕಿ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಒಳ್ಳೆ ಕಾರ್ಖಾನೆಯಲ್ಲಿ ಅಂಥದ್ದನ್ನು ಮತ್ತೆ ಭಟ್ಟಿಗೆ ಹಾಕುತ್ತಾರೆ. ಕೆಟ್ಟ ಕಡೆ ಮೇಣವೋ ಪುಟ್ಟಿಯೋ ತುಂಬಿ ಮುಂದೆ ಸಾಗಿಸುತ್ತಾರೆ. ವಸ್ತುವಿನ ತಳ ಮತ್ತು ಕಂಠದ ಒಳಬದಿ ನೋಡಿದರೆ ಇದು ಸಿಕ್ಕಿಬೀಳುತ್ತದೆ, ಏಕೆಂದರೆ ಅಲ್ಲಿ ಯಾರೂ ಅಷ್ಟು ನುಣುಪು ಮಾಡುವುದಿಲ್ಲ.

ಎರಕ ಹೊಯ್ದದ್ದನ್ನು ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರುತ್ತಾರೆ. ಬೆಳ್ಳಗಿದ್ದ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಉಕ್ಕಿನ ಮೊನೆಯಿಂದ ಗೀಚಿದ ಚಿತ್ತಾರ ಎದ್ದು ಕಾಣುತ್ತದೆ. ಗಮನಿಸಿ, ಇದು ಕೊನೆಯ ಕಪ್ಪಲ್ಲ. ಆಮೇಲೆ ಸಣ್ಣ ಉಳಿಗಳಿಂದ ತೋಡು ತೆಗೆಯುವುದು. ಇಲ್ಲಿಯೇ ಇಡೀ ವಸ್ತುವಿನ ಆಯುಷ್ಯ ತೀರ್ಮಾನವಾಗುತ್ತದೆ. ತೋಡಿನ ಬಾಯಿಗಿಂತ ಒಳಗು ಒಂದಿಷ್ಟು ಅಗಲವಿರಬೇಕು. ಆಗ ಬಡಿದ ಬೆಳ್ಳಿ ಒಳಗೆ ಹರಡಿ ಕಚ್ಚಿಕೊಳ್ಳುತ್ತದೆ. ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಬೆಳ್ಳಿ ಶುದ್ಧವಾಗಿರಬೇಕು, ತಾಮ್ರ ಹೆಚ್ಚು ಬೆರೆತರೆ ಗಡುಸಾಗಿ ತೋಡಿನ ಮೂಲೆಗೆ ಇಳಿಯುವುದಿಲ್ಲ. ಬೇಗ ಮುಗಿಸಬೇಕೆಂದು ತೋಡು ತೆಳುವಾಗಿ ತೆಗೆದರೆ ಒಂದೆರಡು ವರ್ಷ ಒರೆಸುತ್ತ ಒರೆಸುತ್ತ ಬಟ್ಟೆಗೆ ತಂತಿಯ ತುದಿ ಸಿಕ್ಕಿ ಮೇಲೇಳುತ್ತದೆ.

ಮತ್ತೆ ಉಜ್ಜಿ ನುಣುಪು ಮಾಡಿ, ಎಣ್ಣೆ ಪಸೆ ತೆಗೆದು, ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕದಡಿದ ನೀರು ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಯಾರ ಕಣ್ಣೆದುರಾದರೂ ಈ ಗಳಿಗೆ ಬಂದರೆ ಬೇರೆಲ್ಲ ಬಿಟ್ಟು ನೋಡಬೇಕು. ಬೂದು ಬಣ್ಣದ ಪೇಲವ ಹೂದಾನಿಯನ್ನು ತೊಳೆದು ತೆಗೆದಾಗ ಅಲ್ಲಿಯವರೆಗೆ ಸರಿಯಾಗಿ ಕಾಣದ ಬಳ್ಳಿ ಪೂರ್ತಿ ಹೊರಬರುತ್ತದೆ. ಈ ಮಣ್ಣು, ಮಳೆ ಬಿಸಿಲು ತಾಗದ ಹಳೆಯ ಕೋಣೆ, ಗೋಡೆಯ ಬುಡದ್ದೇ ಆಗಬೇಕು ಎನ್ನುತ್ತಾರೆ. ಅದರಲ್ಲಿ ಉಪ್ಪಿನಂಶ, ಪೆಟ್ಲುಪ್ಪು ಇರುವುದೇ ಕಾರಣ, ಮಳೆ ಬಿದ್ದಲ್ಲಿ ಅದು ತೊಳೆದುಹೋಗುತ್ತದೆ. ಉಸ್ತಾದರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಒಳ್ಳೆಯದೋ ಅಲ್ಲವೋ ಹೇಳುತ್ತಾರೆ. ಗಿರಾಕಿಗೆ ತೋರಿಸುವ ನಾಟಕ ಅಂತ ತಳ್ಳಿಹಾಕಬೇಡಿ, ಉಪ್ಪಿನಂಶ ತಿಳಿಯಲು ಅದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಮಣ್ಣು ಸಪ್ಪೆಯಾಗಿದ್ದರೆ, ಎಣ್ಣೆ ಪಸೆ ಉಳಿದಿದ್ದರೆ, ಕಾವು ಸಮ ಇಲ್ಲದಿದ್ದರೆ ಕಪ್ಪು ಮಚ್ಚೆಮಚ್ಚೆಯಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಎಣ್ಣೆ ಸವರಿ ಮುಗಿಸುವುದರಿಂದ ಈ ದೋಷ ಅಂಗಡಿಯಲ್ಲಿ ಮರೆಯಾಗಿರುತ್ತದೆ. ಒಣ ಹತ್ತಿಬಟ್ಟೆಯಿಂದ ಚೆನ್ನಾಗಿ ಒರೆಸಿ ಹಗಲು ಬೆಳಕಿಗೆ ಹಿಡಿದು ನೋಡಿ. ಎಲ್‌ಇಡಿ ದೀಪದಡಿಯ ಗಾಜಿನ ಕಪಾಟಿನಲ್ಲಿ ಎಲ್ಲವೂ ಚೆಂದವೇ.

ಕೆಲಸದಲ್ಲಿ ಬಗೆಗಳಿವೆ, ಬೆಲೆಯೂ ಅದರಂತೆ. ತಾರ್‌ಕಶಿ ಎಂದರೆ ತಂತಿ ಕೆಲಸ. ತೆಹನಿಶಾನ್ ಎಂದರೆ ಬೆಳ್ಳಿ ತಗಡು ಕತ್ತರಿಸಿ ಆಳದ ತೋಡಿನಲ್ಲಿ ಕೂರಿಸುವುದು. ಜರ್‌ನಿಶಾನ್‌ನಲ್ಲಿ ಬೆಳ್ಳಿ ಮೇಲ್ಮೈಯಿಂದ ತುಸು ಮೇಲೆದ್ದಿರುತ್ತದೆ. ಆಫ್ತಾಬಿಯಲ್ಲಿ ಬೆಳ್ಳಿ ನೆಲದ ಮೇಲೆ ಕಪ್ಪು ಹೂ. ಸಣ್ಣ ಬಜೆಟ್ಟಿನವರಿಗೆ ಒಳ್ಳೆಯ ತಾರ್‌ಕಶಿಯೇ ಸರಿ. ಅದೇ ದುಡ್ಡಿಗೆ ಬರುವ ಅಗ್ಗದ ತಗಡಿನ ಕೆಲಸ ದೂರದಿಂದ ಮಿಂಚುತ್ತದೆ, ಹತ್ತಿರ ಹೋದರೆ ಅಂಚು ಹರಿದಿರುತ್ತದೆ. ಆಫ್ತಾಬಿಗೆ ಬೆಳ್ಳಿ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಬೆಳ್ಳಿ ದರ ಏರಿದಾಗ ಮೊದಲು ಕಪಾಟಿನಿಂದ ಮಾಯವಾಗುವುದು ಅದೇ.

ಬೆಲೆ ಕೇಳುವ ರೀತಿ ಹೀಗಿರಲಿ: ಇದಕ್ಕೆ ಎಷ್ಟು ಗ್ರಾಂ ಬೆಳ್ಳಿ ಹಿಡಿದಿದೆ? ಮಾಡುವವರಿಗೆ ಇದು ಗೊತ್ತಿರುತ್ತದೆ, ತಂತಿಯನ್ನು ತೂಗಿಯೇ ಕೊಟ್ಟಿರುತ್ತಾರೆ. ಆ ಗ್ರಾಂ ಅನ್ನು ಅವತ್ತಿನ ದರಕ್ಕೆ ಗುಣಿಸಿ, ಸತು ತಾಮ್ರಕ್ಕೆ ಒಂದಿಷ್ಟು ಸೇರಿಸಿ. ಉಳಿದದ್ದು ಕೂಲಿ ಮತ್ತು ಲಾಭ. ಒತ್ತೊತ್ತಾದ ತಾರ್‌ಕಶಿಯಲ್ಲಿ ಕೂಲಿಯ ಪಾಲೇ ದೊಡ್ಡದಿರುವುದು ನ್ಯಾಯ. ಗ್ರಾಂ ಲೆಕ್ಕ ಹೇಳಲು ತಡವರಿಸುವ ಅಂಗಡಿ ಬೇರೆ ಕಡೆಯಿಂದ ತಂದು ಮಾರುತ್ತಿದೆ ಎಂದು ಅರ್ಥ. ಚೌಕಾಸಿ ನಡೆಯುತ್ತದೆ, ಆದರೆ ಅರ್ಧಕ್ಕರ್ಧ ಇಳಿಸಿದರು ಅಂತ ಹಿಗ್ಗಬೇಡಿ. ಅಷ್ಟು ಇಳಿಯುವ ಮಾಲಿನಲ್ಲಿ ಬೆಳ್ಳಿಯೇ ಇರಲಿಕ್ಕಿಲ್ಲ. ಇನ್ನೊಂದು ಮಾತು: ಇದನ್ನು ಬೆಳ್ಳಿಯ ಹೂಡಿಕೆ ಅಂತ ಕೊಳ್ಳಬಾರದು. ಒಳಗೆ ಕೂತ ಬೆಳ್ಳಿಯನ್ನು ಸುಲಭಕ್ಕೆ ಬಿಡಿಸಲಾಗದು, ಅಕ್ಕಸಾಲಿಗ ವಾಪಸ್ ತೆಗೆದುಕೊಳ್ಳುವುದೂ ಇಲ್ಲ.

ನಕಲಿ ಎರಡು ಬಗೆ. ಒಂದು, ಅಲ್ಯೂಮಿನಿಯಂ ಎರಕಕ್ಕೆ ಕಪ್ಪು ಬಣ್ಣ ಬಳಿದು ಬಿಳಿ ಲೋಹದ ಗೆರೆ ಎಳೆದದ್ದು. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ, ಸತುವಿನ ತೂಕ ಅಲ್ಯೂಮಿನಿಯಂನ ಎರಡೂವರೆ ಪಟ್ಟಿಗೂ ಹೆಚ್ಚು. ಎರಡನೆಯದು ಹೆಚ್ಚು ಕಳ್ಳ ಕೆಲಸ: ಲೋಹ ಸರಿ, ಕೆತ್ತನೆಯೂ ಸರಿ, ಕಪ್ಪು ಮಾತ್ರ ಪೇಂಟು. ಮಣ್ಣಿನ ಕಪ್ಪಿಗೆ ಮಖಮಲ್ಲಿನ ಮಂದ ಹೊಳಪಿರುತ್ತದೆ. ಪೇಂಟು ಮೇಲೆ ಕೂತು ಪಳಪಳ ಅನ್ನುತ್ತದೆ, ಉಳಿಯ ಗುರುತುಗಳಲ್ಲಿ ದಪ್ಪಗೆ ನಿಂತಿರುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಹತ್ತಿಗೆ ಹಾಕಿ ತಳದ ಅಂಚಿನಲ್ಲಿ ಉಜ್ಜಿದರೆ ಪೇಂಟು ಬಿಡುತ್ತದೆ. ಕೇಳಿಯೇ ಮಾಡಿ; ಸಾಚಾ ಅಂಗಡಿಯವರು ಬೇಡ ಅನ್ನುವುದಿಲ್ಲ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವುದು ದಂಡ, ಸತು, ತಾಮ್ರ, ಬೆಳ್ಳಿ, ಅಲ್ಯೂಮಿನಿಯಂ ಯಾವುದಕ್ಕೂ ಅದು ಅಂಟದು. ಕೊನೆಗೆ ಉಗುರನ್ನು ಬೆಳ್ಳಿಯ ಗೆರೆಗೆ ಅಡ್ಡಲಾಗಿ ಎಳೆಯಿರಿ. ತಾರ್‌ಕಶಿಯಲ್ಲಿ ಎಲ್ಲೂ ತಡೆಯಬಾರದು.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಎರಡೂ ಸಲ್ಲಬೇಕಾದ್ದೇ. ಆದರೆ ಗೋಡೆಯ ಮೇಲಿನ ಪ್ರಶಸ್ತಿಯ ಫೋಟೊ ನಿಮ್ಮ ಕೈಲಿರುವ ತಟ್ಟೆಗೆ ಗ್ಯಾರಂಟಿ ಅಲ್ಲ. ಇದು ಯಾರ ಕೈಕೆಲಸ ಅಂತ ಕೇಳಿ, ಬಿಲ್ಲಿನಲ್ಲಿ ‘ಬೆಳ್ಳಿ’ ಎಂದು ಬರೆಸಿಕೊಳ್ಳಿ. ಸೇವೆಯ ವಿಷಯದಲ್ಲಿ ಹಳೆ ಊರಿನ ಅಂಗಡಿಗಳಿಗೆ ಅಂಕ ಕಳೆಯುವುದು ಎರಡು ಕಡೆ. ಬೆಲೆ ಚೀಟಿ ಅಂಟಿಸುವ ಅಭ್ಯಾಸ ಕಡಿಮೆ, ಮುಖ ನೋಡಿ ಮೊದಲ ರೇಟು ಹೇಳುವುದುಂಟು. ಆರ್ಡರ್ ಕೊಟ್ಟರೆ ಹೇಳಿದ ದಿನಕ್ಕೆ ಬರುವುದು ಅಪರೂಪ. ಮಳೆಗಾಲದಲ್ಲಂತೂ ಸಾಂಚಾ ಒಣಗದೆ ಇನ್ನೂ ತಡ. ಮದುವೆ ಉಡುಗೊರೆಗಾದರೆ ತಿಂಗಳುಗಟ್ಟಲೆ ಮೊದಲೇ ಹೇಳಿಡಿ, ಮುಂಗಡ ಪೂರ್ತಿ ಕೊಡಬೇಡಿ.

ಯಾವುದು ಕೊಳ್ಳಲು ಯೋಗ್ಯ? ಅಂಗೈ ಅಗಲದ ಡಬ್ಬಿ, ಸಣ್ಣ ಸುರಾಹಿ, ತಟ್ಟೆ. ಇವುಗಳಲ್ಲಿ ಚಿತ್ತಾರಕ್ಕೆ ಜಾಗವಿದೆ, ತೂಕ ಹಿಡಿತದಲ್ಲಿದೆ. ಪೆನ್‌ಡ್ರೈವ್, ಸ್ವಿಚ್ ಬೋರ್ಡಿನ ಫಲಕ, ಕಾರ್ಡ್ ಹೋಲ್ಡರ್ ಮುಂತಾದ ಹೊಸ ಮಾಲಿನಲ್ಲಿ ಕೆಲಸ ಸಣ್ಣದು, ದಿನವೂ ಬೆವರುಗೈ ತಾಗಿ ಕಪ್ಪು ಬೇಗ ಮಾಸುತ್ತದೆ. ಹೂದಾನಿಯಲ್ಲಿ ನೀರು ಹಾಕಿ ಹೂವಿಡುವ ಆಸೆ ಇದ್ದರೆ ಒಳಗೆ ಗಾಜಿನ ಲೋಟ ಇಡಿ. ನೀರು ನಿಂತರೆ ಸತು ಬಿಳಿ ಪುಡಿಯಾಗಿ ಏಳುತ್ತದೆ. ಉಪ್ಪಿನಕಾಯಿ, ಹಣ್ಣು, ಹುಳಿ ಪದಾರ್ಥ ಇದರಲ್ಲಿ ಬಡಿಸಲೇಬಾರದು, ಹುಳಿಗೆ ಸತು ಕರಗುತ್ತದೆ. ಒಣ ಅಡಿಕೆ, ಏಲಕ್ಕಿ ಪರವಾಗಿಲ್ಲ.

ಮನೆಯಲ್ಲಿ ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಹಬ್ಬದ ಹಿಂದಿನ ದಿನ ಹಿತ್ತಾಳೆ ಸಾಮಾನಿನ ಜೊತೆ ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಿದರೆ ಕಪ್ಪು ಹೋಗಿ ಬೂದು ಲೋಹ ಉಳಿಯುತ್ತದೆ. ಬೆಳ್ಳಿ ತೊಳೆಯುವ ದ್ರಾವಣವೂ ಬೇಡ. ಒಣ ಮೆತ್ತನೆ ಬಟ್ಟೆ ಸಾಕು. ಆರು ತಿಂಗಳಿಗೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಪೂರ್ತಿ ಒರೆಸಿ ತೆಗೆಯಿರಿ. ಮಂಗಳೂರು, ಕಾರವಾರ, ಮುಂಬೈನಂಥ ಉಪ್ಪುಗಾಳಿಯ ಊರಿನವರು ಮಳೆಗಾಲದಲ್ಲಿ ಗಾಜಿನ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು. ಕೈಜಾರಿ ಬೀಳದಂತೆ ನೋಡಿಕೊಳ್ಳಿ. ಎರಕದ ಸತು ಹಿತ್ತಾಳೆಯಂತೆ ನೆಗ್ಗುವುದಿಲ್ಲ, ಸಕ್ಕರೆ ಅಚ್ಚಿನಂತೆ ಚಟ್ಟನೆ ಮುರಿಯುತ್ತದೆ. ಬೆಸುಗೆ ಹಾಕಿದರೂ ಗುರುತು ಉಳಿಯುತ್ತದೆ.

ಆದ್ದರಿಂದ ಕೊರಿಯರ್‌ಗಿಂತ ಕೈಯಲ್ಲೇ ತರುವುದು ಮೇಲು. ಅಂಗಡಿಯವರು ಹಳೆ ಉರ್ದು ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾರೆ, ಅದು ಸಾಲದು. ಕಂಠ ಮತ್ತು ಹಿಡಿಯ ಸುತ್ತ ಬಟ್ಟೆ ತುಂಬಿ, ಒಳಗೂ ಬಟ್ಟೆ ತುರುಕಿ ಪೆಟ್ಟಿಗೆಯಲ್ಲಿಡಿ. ಬಿಲ್ಲಿನ ಮೇಲೆ ಅಂಗಡಿಯ ಫೋನ್ ನಂಬರ್ ಇದೆಯೇ ನೋಡಿಕೊಳ್ಳಿ. ಕಪ್ಪು ಮಾಸಿದ ವಸ್ತುವಿಗೆ ಮತ್ತೆ ಮಣ್ಣಿನ ಬಣ್ಣ ಹಿಡಿಸಿಕೊಡುತ್ತಾರೆ, ಎದ್ದ ತಂತಿಯನ್ನೂ ಕೂರಿಸುತ್ತಾರೆ, ಮತ್ತು ಆ ಕೆಲಸ ಮಾಡುವವರು ಬೀದರ್, ಹೈದರಾಬಾದ್ ಬಿಟ್ಟರೆ ಬೇರೆಡೆ ಸಿಗುವುದು ಕಷ್ಟ.